ಹೆಲೆನ್‌ಗೆ ಅಭಿನಯ ಬರುತ್ತದೆ ಎಂದು ತಿಳಿಯಲು ಇಷ್ಟು ವರ್ಷ ಬೇಕಿತ್ತೇ?

ನಮಸ್ಕಾರ. ನಾಯಕಿಯ ಹಿಂದೆ ಕುಣಿಯುತ್ತಿದ್ದ ಹುಡುಗಿ ಮುಂದೊಂದು ದಿನ ತಾನೇ ನಟಿಯಾದಳು ಎಂಬ ಕಥೆಯನ್ನು ಚಿತ್ರರಂಗ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತ ಹೇಳುತ್ತದೆ. ನಮ್ಮಲ್ಲಿ ಪ್ರತಿಭೆಗೆ ಬೆಲೆ ಇದೆ, ನೋಡಿ ಎಂದು. ಹಿಂದಿ ಚಿತ್ರಗಳ ಹೆಸರಾಂತ ನರ್ತಕಿ ಹೆಲೆನ್ ಅವರ ವಿಷಯದಲ್ಲಿ ಈ ಮಾತನ್ನು ಒಪ್ಪಲು ನನ್ನಿಂದಾಗದು. ಗುಂಪಿನಿಂದ ಮುಂದೆ ಬರಲು ಅವರಿಗೆ ಏಳೆಂಟು ವರ್ಷ ಹಿಡಿಯಿತು. ಈಕೆಗೆ ಅಭಿನಯವೂ ಬರುತ್ತದೆ ಎಂದು ಉದ್ಯಮ ಒಪ್ಪಲು ಅಲ್ಲಿಂದ ಮತ್ತೆ ಇಪ್ಪತ್ತು ವರ್ಷ.

ಹುಟ್ಟಿದ್ದು 1938ರಲ್ಲಿ, ಬರ್ಮಾದ ರಂಗೂನಿನಲ್ಲಿ. ಎರಡನೇ ಮಹಾಯುದ್ಧದ ನಡುವೆ ಕುಟುಂಬ ಕಾಡುಮೇಡು ದಾಟಿ ಕಾಲ್ನಡಿಗೆಯಲ್ಲಿ ಅಸ್ಸಾಂ ಸೇರಿತು. ದಾರಿಯಲ್ಲಿ ತಾಯಿಗೆ ಗರ್ಭಪಾತವಾಯಿತು. ಕಲ್ಕತ್ತೆಯಲ್ಲಿ ತಮ್ಮ ಸಿಡುಬಿಗೆ ಬಲಿಯಾದ. ಆಮೇಲೆ ಬೊಂಬಾಯಿ. ದಾದಿಯಾಗಿ ದುಡಿಯುತ್ತಿದ್ದ ತಾಯಿಯ ಸಂಬಳ ಮನೆಗೆ ಸಾಲುತ್ತಿರಲಿಲ್ಲ. ಆಗಿನ ಹೆಸರಾಂತ ನರ್ತಕಿ ಕುಕ್ಕೂ ಈ ಹುಡುಗಿಯನ್ನು ಕರೆದುಕೊಂಡು ಹೋಗಿ ಗುಂಪು ನೃತ್ಯಕ್ಕೆ ಸೇರಿಸಿದರು. 1951ರ ‘ಆವಾರಾ’ದ ಗುಂಪಿನಲ್ಲಿ ಹೆಲೆನ್ ಇದ್ದಾರೆ. ವಯಸ್ಸು ಹದಿಮೂರರ ಆಸುಪಾಸು.

ಹಿಂದಿನ ಸಾಲಿನ ಕೆಲಸ ವಿಚಿತ್ರವಾದದ್ದು. ಹೆಜ್ಜೆ ತಪ್ಪಬಾರದು, ಆದರೆ ನೋಡುವವರ ಕಣ್ಣು ನಿಮ್ಮ ಮೇಲೆ ನಿಲ್ಲಲೂ ಬಾರದು. ನಿಂತರೆ ನಾಯಕಿಗೆ ನಷ್ಟ.

1958ರಲ್ಲಿ ‘ಹೌರಾ ಬ್ರಿಡ್ಜ್’ ಬಂತು. ಗೀತಾ ದತ್ ಹಾಡಿದ ಚಿನ್ ಚಿನ್ ಚೂ ಹಾಡನ್ನು ಇನ್ನೊಮ್ಮೆ ನೋಡಿ. ಕಾಲನ್ನು ಬಿಡಿ, ಕುಣಿಯುವ ಹೆಲೆನ್ ಅವರ ಮುಖವನ್ನು ನೋಡಿ. ದನಿಯಲ್ಲಿರುವ ತುಂಟತನ ಹುಬ್ಬಿಗೆ ಬರುತ್ತದೆ, ತುಟಿಯ ಕೊಂಕಿಗೆ ಬರುತ್ತದೆ. ಪಲ್ಲವಿ ಮರಳಿದಾಗಲೆಲ್ಲ ನಗು ಬೇರೆಯಾಗುತ್ತದೆ. ಇದು ಅಭಿನಯವಲ್ಲದೆ ಇನ್ನೇನು? ಉದ್ಯಮಕ್ಕೆ ಕಂಡದ್ದು ಮಾತ್ರ ಸೊಂಟ.

ಅದಕ್ಕೊಂದು ಕಾರಣವಿದೆ, ಅಷ್ಟೇನೂ ಒಳ್ಳೆಯ ಕಾರಣವಲ್ಲ. ಆ ಕಾಲದ ಹಿಂದಿ ಚಿತ್ರದ ನಾಯಕಿ ಕುಡಿಯುವಂತಿರಲಿಲ್ಲ, ಗಂಡಸನ್ನು ತಾನಾಗಿ ಕರೆಯುವಂತಿರಲಿಲ್ಲ. ಪ್ರೇಕ್ಷಕನಿಗೆ ಅದೆಲ್ಲ ಬೇಕಿತ್ತು. ಹಾಗಾಗಿ ಪಾಪದ ಗುತ್ತಿಗೆಯನ್ನು ಪರಕೀಯಳಂತೆ ಕಾಣುವ ಹೆಣ್ಣಿಗೆ ಕೊಟ್ಟರು. ಪಾತ್ರಗಳ ಹೆಸರನ್ನೇ ನೋಡಿ: ಕಿಟ್ಟಿ, ಮೋನಿಕಾ, ಸೂಜಿ. ಪರದೆಯ ಮೇಲೆ ಬರಿಮೈ ಎಂದು ಜನ ಸಿಳ್ಳೆ ಹೊಡೆದಾಗ ಆಕೆ ಒಳಗೆ ಮೈಬಣ್ಣದ ಬಿಗಿಯುಡುಪು ತೊಟ್ಟಿರುತ್ತಿದ್ದರು. ಚಾರಿತ್ರ್ಯದ ತೀರ್ಪು ಕೊಡುತ್ತಿದ್ದವರಿಗೆ ಅಷ್ಟು ಸೂಕ್ಷ್ಮವಾಗಿ ನೋಡುವ ತಾಳ್ಮೆ ಎಲ್ಲಿತ್ತು?

ನಾಯಕಿಯ ಅವಕಾಶವೂ ಸಿಕ್ಕಿತ್ತಲ್ಲ ಎಂದು ನೀವು ಕೇಳಬಹುದು. ಸಿಕ್ಕಿತ್ತು, 1964ರಲ್ಲಿ. ಚಿತ್ರದ ಹೆಸರು ‘ಚಾ ಚಾ ಚಾ’. ಶೀರ್ಷಿಕೆಯೇ ಒಂದು ನೃತ್ಯದ ಹೆಸರು! ಮರುವರ್ಷದ ‘ಗುಮ್ನಾಮ್’ ಚಿತ್ರದ ಪೋಷಕ ಪಾತ್ರಕ್ಕೆ ಫಿಲಂಫೇರ್ ನಾಮನಿರ್ದೇಶನವೂ ಬಂತು. ಆದರೂ ನಿರ್ಮಾಪಕರು ಕೇಳಿಕೊಂಡು ಬಂದದ್ದು ಹಾಡಿಗೇ.

ಎಪ್ಪತ್ತರ ದಶಕದಲ್ಲಿ ಜೀನತ್ ಅಮಾನ್, ಪರ್ವೀನ್ ಬಾಬಿ ಬಂದರು. ನಾಯಕಿಯೇ ಕ್ಲಬ್ಬಿನಲ್ಲಿ ಕುಣಿಯತೊಡಗಿದ ಮೇಲೆ ಹೆಲೆನ್‌ಗೆ ಕೆಲಸ ಕಡಿಮೆಯಾಯಿತು. ಆಗ ಪಾತ್ರಗಳನ್ನು ಕೊಡಿಸಲು ನೆರವಾದವರು ಚಿತ್ರಕಥೆಗಾರ ಸಲೀಂ ಖಾನ್; ಮುಂದೆ ಅವರನ್ನೇ ಹೆಲೆನ್ ಮದುವೆಯಾದರು. 1979ರಲ್ಲಿ ಮಹೇಶ್ ಭಟ್ ನಿರ್ದೇಶನದ ‘ಲಹೂ ಕೆ ದೋ ರಂಗ್’ ತೆರೆಕಂಡಿತು. ಯುದ್ಧಕಾಲದಲ್ಲಿ ಆಜಾದ್ ಹಿಂದ್ ಫೌಜಿನ ಸೈನಿಕನನ್ನು ಪ್ರೀತಿಸಿ, ಅವನ ಮಗನನ್ನು ಹೆತ್ತು ಬೆಳೆಸುವ ಹಾಂಗ್‌ಕಾಂಗಿನ ಹೆಣ್ಣು. ಆ ಪಾತ್ರಕ್ಕೆ ಫಿಲಂಫೇರ್ ಪೋಷಕ ನಟಿ ಪ್ರಶಸ್ತಿ ಬಂತು. ಯುದ್ಧ ಮನೆಮಠವನ್ನು ಹೇಗೆ ಕಿತ್ತೆಸೆಯುತ್ತದೆ ಎಂಬುದನ್ನು ಬಾಲ್ಯದಲ್ಲೇ ಕಂಡಿದ್ದ ಕಲಾವಿದೆಗೆ ಇಂಥದೊಂದು ಪಾತ್ರ ದೊರೆತದ್ದು ನಲವತ್ತರ ಹೊಸ್ತಿಲಲ್ಲಿ.

2009ರಲ್ಲಿ ಪದ್ಮಶ್ರೀ ಬಂತು, ಸಂತೋಷ. ಕೈಹಿಡಿದು ಕರೆತಂದ ಕುಕ್ಕೂ ಮಾತ್ರ 1981ರಲ್ಲಿ ಕ್ಯಾನ್ಸರ್‌ನಿಂದ, ಬಡತನದಲ್ಲಿ ತೀರಿಕೊಂಡರು. ಅವರನ್ನು ಕೇಳುವವರಿರಲಿಲ್ಲ.

ಇನ್ನು ನಮ್ಮ ಕಡೆಯ ಮಾತು. ಡೈಸಿ ಶಾ ನೃತ್ಯ ನಿರ್ದೇಶಕ ಗಣೇಶ್ ಆಚಾರ್ಯ ಅವರಲ್ಲಿ ಸಹಾಯಕಿಯಾಗಿದ್ದವರು. ಹಿಂದಿಯಲ್ಲಿ ಅವರು ನಾಯಕಿಯಾದದ್ದು 2014ರಲ್ಲಿ, ಸಲ್ಮಾನ್ ಖಾನ್ ಎದುರು. ಅಂದರೆ ಹೆಲೆನ್ ಅವರ ಮಲಮಗನ ಎದುರು. ಅದಕ್ಕೆ ಮೊದಲೇ, 2011ರಲ್ಲಿ, ಕನ್ನಡದ ‘ಭದ್ರ’ದಲ್ಲಿ ಪ್ರಜ್ವಲ್ ದೇವರಾಜ್‌ಗೂ ‘ಬಾಡಿಗಾರ್ಡ್’ನಲ್ಲಿ ಜಗ್ಗೇಶ್‌ಗೂ ಅವರು ಜೋಡಿಯಾಗಿದ್ದರು. ಮುಂಬಯಿಗಿಂತ ಮೊದಲು ಗಾಂಧಿನಗರ ಗುರುತಿಸಿತು ಎಂದು ಬೀಗಬಹುದು. ನನಗೆ ಹಾಗೆ ಬೀಗಲು ಮನಸ್ಸಿಲ್ಲ. ಮುಂಬಯಿಯ ನರ್ತಕಿಯಲ್ಲಿ ನಾಯಕಿಯನ್ನು ಕಂಡ ನಮ್ಮ ನಿರ್ಮಾಪಕರು, ತಮ್ಮದೇ ಸೆಟ್ಟಿನಲ್ಲಿ ಮೂರನೇ ಸಾಲಿನಲ್ಲಿ ಕುಣಿಯುತ್ತಿರುವ, ಸಂಭಾಷಣೆಗೆ ಡಬ್ಬಿಂಗ್ ಕಲಾವಿದೆಯೂ ಬೇಕಾಗದ ಕನ್ನಡದ ಹುಡುಗಿಯನ್ನು ಎಷ್ಟು ಸಲ ಕರೆದು ಮಾತನಾಡಿಸಿದ್ದಾರೆ? ಅವರಲ್ಲಿ ಯಾರಾದರೂ ಈ ವಿಡಿಯೊ ನೋಡುತ್ತಿದ್ದರೆ, ದಯವಿಟ್ಟು ಉತ್ತರ ಬರೆಯಿರಿ.