ಹಾಸ್ಟೆಲ್ ಬಿಲ್ಲು ಮತ್ತು ನಿಯಮಪುಸ್ತಕ: ಎರಡನ್ನೂ ಜೊತೆಗಿಟ್ಟು ಓದಿ

(ಸ್ನಾತಕೋತ್ತರ ತರಗತಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮತ್ತು ಅವರ ಪಾಲಕರಿಗಾಗಿ ಬಳ್ಳಾರಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಪಾಲಕರೇ, ವಿದ್ಯಾರ್ಥಿ ಮಿತ್ರರೇ,

ಪ್ರವೇಶದ ದಿನ ಕೌಂಟರಿನಲ್ಲಿ ಎಲ್ಲರೂ ಕೇಳುವುದು ‘ಹಾಸ್ಟೆಲ್ ಫೀ ಎಷ್ಟ್ರಿ?’ ಎಂದು. ಗುಮಾಸ್ತರು ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಸುಳ್ಳಲ್ಲ, ಆದರೆ ವರ್ಷದ ಖರ್ಚಿನಲ್ಲಿ ಅದು ಸಣ್ಣ ಪಾಲು. ದೊಡ್ಡ ಪಾಲು ಮೆಸ್ಸಿನದು. ಅದು ತಿಂಗಳು ಮುಗಿದ ಮೇಲೆಯೇ ಗೊತ್ತಾಗುವುದು. ಆ ಮೊತ್ತ ಏರುತ್ತದೋ ಇಳಿಯುತ್ತದೋ ಎನ್ನುವುದು ನಿಯಮಪುಸ್ತಕದ ಎರಡು ಮೂರು ಸಾಲುಗಳ ಮೇಲೆ ನಿಂತಿರುತ್ತದೆ. ಆ ಸಾಲುಗಳನ್ನು ಓದುವವರು ಕಡಿಮೆ, ಸಹಿ ಮಾತ್ರ ಎಲ್ಲರೂ ಹಾಕುತ್ತಾರೆ. ಹಾಸ್ಟೆಲಿನಲ್ಲಿ ದಂಡ ಕಟ್ಟಿ ಕಳೆದುಕೊಳ್ಳುವ ಹಣಕ್ಕಿಂತ ನಿಯಮ ತಿಳಿಯದೆ ಬಿಟ್ಟುಕೊಡುವ ಹಣವೇ ಹೆಚ್ಚು. ಇವತ್ತಿನ ಮಾತೆಲ್ಲ ಅದರ ಬಗ್ಗೆ.

ಮೊದಲು ಯಾವ ಹಾಸ್ಟೆಲ್ ಎನ್ನುವುದನ್ನು ಇತ್ಯರ್ಥ ಮಾಡಿಕೊಳ್ಳೋಣ. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು ಎಂದರೆ ಹಾಸ್ಟೆಲ್ ಸಿಕ್ಕಿತು ಎಂದಲ್ಲ. ಹಾಸ್ಟೆಲಿಗೆ ಬೇರೆ ಅರ್ಜಿ, ಬೇರೆ ಪಟ್ಟಿ, ಬೇರೆ ಕೊನೆಯ ದಿನಾಂಕ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ಇನ್ನೊಂದು ದಾರಿ. ಅಲ್ಲಿ ಊಟವೂ ವಸತಿಯೂ ಉಚಿತ. ಅದಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಬೇಕು. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರರಲ್ಲೂ ಹೆಸರು ಮೂರು ತರಹ. ಒಂದರಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಅಡ್ಡಹೆಸರು. ಇದನ್ನು ಅರ್ಜಿ ಹಾಕುವ ವಾರ ಸರಿಪಡಿಸಲು ಹೋದರೆ ನಾಡಕಚೇರಿಯ ಸಾಲಿನಲ್ಲಿ ಕೊನೆಯ ದಿನಾಂಕ ಕಳೆದುಹೋಗುತ್ತದೆ. ಪದವಿಯ ಕೊನೆಯ ಸೆಮಿಸ್ಟರ್ ನಡೆಯುವಾಗಲೇ ಮಾಡಿಸಿಕೊಳ್ಳಿ.

ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಈ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದವರ ಹಣ ಕಡೆಯದಾಗಿ ಜೋಡಿಸಿದ ಖಾತೆಗೆ ಹೋಗಿ ಕೂತಿರುತ್ತದೆ. ಇವರು ಹಳೆಯ ಪಾಸ್‌ಬುಕ್ ಹಿಡಿದು ಓಡಾಡುತ್ತಿರುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಹಾಸ್ಟೆಲ್ ವಾಸಿ’ ಮತ್ತು ‘ಡೇ ಸ್ಕಾಲರ್’ ಎಂಬ ಎರಡು ಆಯ್ಕೆ ಇರುತ್ತವೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ 2021ರ ಮಾರ್ಗಸೂಚಿಯಲ್ಲಿ ಮೊದಲ ಗುಂಪಿನ (ಪದವಿ, ಸ್ನಾತಕೋತ್ತರ ಮಟ್ಟದ ವೃತ್ತಿಪರ) ಕೋರ್ಸುಗಳಿಗೆ ಹಾಸ್ಟೆಲ್ ವಾಸಿಗೆ ವರ್ಷಕ್ಕೆ 13,500 ರೂಪಾಯಿ, ಡೇ ಸ್ಕಾಲರ್‌ಗೆ 7,000. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಒತ್ತಿದ ಒಂದು ಗುಂಡಿಗೆ 6,500 ರೂಪಾಯಿ ಬೆಲೆ.

ಖಾಸಗಿ ಪಿಜಿಗಳ (ಪೇಯಿಂಗ್ ಗೆಸ್ಟ್ ವಸತಿಗಳ) ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಕ್ಕೆ ಕಡಿಮೆಯಿಲ್ಲದ ವಾಸಕ್ಕೆ 2024ರ ಜುಲೈಯಿಂದ ಜಿಎಸ್‌ಟಿ ವಿನಾಯಿತಿ ಇದೆ. ಬಿಲ್ಲಿನಲ್ಲಿ ಆ ಸಾಲು ಕಂಡರೆ ಯಾಕೆಂದು ಕೇಳಿ. ಇನ್ನು ಸಂಡೂರು ತಾಲ್ಲೂಕಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರ, ಕೊಪ್ಪಳ ಜಿಲ್ಲೆಯ ತಳಕಲ್ ಇಂಥ ಕಡೆ ಸೇರಿದವರಿಗೆ ಊರೊಳಗೆ ಇದ್ದಂತೆ ಪಿಜಿಗಳ ಆಯ್ಕೆ ಇರುವುದಿಲ್ಲ. ಅವರು ಹಾಸ್ಟೆಲ್ ಅರ್ಜಿಯನ್ನು ಪ್ರವೇಶದಷ್ಟೇ ಮುಖ್ಯ ಎಂದು ತಿಳಿಯಬೇಕು. ಕುರುಗೋಡಿನಂಥ ಹತ್ತಿರದ ಊರಿನ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿಲ್ಲ, ನಿಜ. ಆದರೆ ಸಂಜೆ ಐದರವರೆಗೆ ಪ್ರಯೋಗಾಲಯ ಇರುವ ಕೋರ್ಸಿನವರು ಟಿಕೆಟ್ಟಿನ ಲೆಕ್ಕ ಬಿಟ್ಟು ಗಂಟೆಯ ಲೆಕ್ಕ ಹಾಕಲಿ.

ಈಗ ಬಿಲ್ಲಿಗೆ ಬರೋಣ. ಸೇರುವಾಗ ಕಟ್ಟುವ ಹಣದಲ್ಲಿ ಮೂರು ಜಾತಿಯ ಹಣ ಕಲೆತಿರುತ್ತದೆ. ಕೋಣೆ ಬಾಡಿಗೆ, ನಿರ್ವಹಣೆ, ವಿದ್ಯುತ್ತು, ನೀರು ಇವು ಹೋದವು ಎಂದೇ ಲೆಕ್ಕ. ಡಿಪಾಜಿಟ್ ವಾಪಸ್ ಬರಬೇಕಾದ ಹಣ. ಮೆಸ್ ಅಡ್ವಾನ್ಸ್ ಮುಂದಿನ ಬಿಲ್ಲಿಗೆ ಒತ್ತೆ ಇಟ್ಟ ಹಣ. ರಸೀದಿಯಲ್ಲಿ ಈ ಮೂರೂ ಬೇರೆ ಬೇರೆ ಸಾಲಿನಲ್ಲಿ ಇವೆಯೇ ನೋಡಿ. ಎಲ್ಲ ಸೇರಿಸಿ ‘ಹಾಸ್ಟೆಲ್ ಶುಲ್ಕ’ ಎಂದು ಒಂದೇ ಸಾಲಿನ ರಸೀದಿ ಕೊಟ್ಟರೆ ಅಲ್ಲೇ ನಿಂತು ಬಿಡಿಸಿ ಬರೆಸಿಕೊಳ್ಳಿ. ಎರಡು ವರ್ಷದ ನಂತರ ಡಿಪಾಜಿಟ್ ಎಷ್ಟಿತ್ತು ಎಂದು ಹೇಳಲು ನಿಮ್ಮ ಬಳಿ ಇರುವುದು ಆ ಚೀಟಿಯೊಂದೇ.

ಮೆಸ್ಸಿನ ಲೆಕ್ಕಕ್ಕೆ ನಮ್ಮ ಕಡೆ ‘ಡಿವೈಡಿಂಗ್’ ಎನ್ನುತ್ತಾರೆ. ತಿಂಗಳ ಒಟ್ಟು ಖರ್ಚನ್ನು ಎಲ್ಲರ ಒಟ್ಟು ಊಟದ ದಿನಗಳಿಂದ ಭಾಗಿಸಿದರೆ ಒಂದು ದಿನದ ದರ. ಅದನ್ನು ನಿಮ್ಮ ದಿನಗಳಿಂದ ಗುಣಿಸಿದರೆ ನಿಮ್ಮ ಬಿಲ್ಲು. ಕೇಳಲು ಸರಳ, ತಕರಾರು ಹುಟ್ಟುವುದು ಇಲ್ಲೇ. ಒಂದು ಲೆಕ್ಕ ಹಿಡಿಯೋಣ. 120 ಜನರ ಹಾಸ್ಟೆಲ್, 30 ದಿನದ ತಿಂಗಳು, ಅಂದರೆ 3,600 ಊಟದ ದಿನ. ಅಕ್ಕಿ, ಜೋಳದ ಹಿಟ್ಟು, ಬೇಳೆ, ಎಣ್ಣೆ, ತರಕಾರಿ, ಹಾಲು, ಗ್ಯಾಸು ಸೇರಿ 2,34,000 ರೂಪಾಯಿ. ಅಡುಗೆಯವರು, ಸಹಾಯಕರ ಸಂಬಳ 54,000. ಒಟ್ಟು 2,88,000. ದಿನಕ್ಕೆ 80, ತಿಂಗಳಿಗೆ 2,400.

ದಸರೆಗೆ ಅರ್ಧ ಜನ, ಅಂದರೆ 60 ಮಂದಿ, ಹತ್ತು ದಿನ ಊರಿಗೆ ಹೋದರು ಎನ್ನಿ. ಊಟದ ದಿನಗಳು 3,000ಕ್ಕೆ ಇಳಿದವು. ಸಾಮಾನಿನ ಖರ್ಚು ಅದೇ ಪ್ರಮಾಣದಲ್ಲಿ ಇಳಿದು 1,95,000 ಆಯಿತು. ಸಂಬಳ ಇಳಿಯುವುದಿಲ್ಲ, 54,000 ಹಾಗೇ ಉಳಿಯಿತು. ಮದುವೆಗೆ ಟೆಂಪೋ ಗೊತ್ತುಮಾಡಿದಾಗ ಅರ್ಧ ಜನ ಬರದಿದ್ದರೆ ಬಂದವರ ಪಾಲು ಏರುವ ಹಾಗೆ, ಇಲ್ಲಿ ದಿನದ ದರ 83 ಆಗುತ್ತದೆ. ಇದ್ದವರ ಬಿಲ್ಲು 2,490, ಊರಿಗೆ ಹೋದವರದು 1,660. ‘ನಾವು ಇಲ್ಲೇ ಇದ್ದೆವು, ನಮಗ್ಯಾಕೆ 90 ರೂಪಾಯಿ ಹೆಚ್ಚು?’ ಎಂಬ ಜಗಳಕ್ಕೆ ಉತ್ತರ ಇದು. ಯಾರೂ ತಿಂದುಹಾಕಿದ್ದಲ್ಲ.

ಇದೇ ತಿಂಗಳು ಆ 60 ಜನ ಹೇಳದೆ ಕೇಳದೆ ಹೋದರೆ? ಅನ್ನ, ಸಾರು 120 ಜನಕ್ಕೇ ಆಗುತ್ತದೆ, ಉಳಿದದ್ದು ಹೊರಗೆ ಬೀಳುತ್ತದೆ. ಖರ್ಚು 2,88,000 ಹಾಗೇ ಉಳಿಯಿತು. ಅವರಿಗೆ ರಜೆಯ ದಿನ ಕಳೆದುಕೊಟ್ಟರೆ ಉಳಿದವರ ದರ 96ಕ್ಕೆ ಹಾರುತ್ತದೆ. ಅದಕ್ಕೇ ‘ಮೆಸ್ ಕಟ್’ ಬೇಕಿದ್ದವರು ಮುಂಚೆಯೇ ಬರೆದುಕೊಡಬೇಕು, ಇಂತಿಷ್ಟು ದಿನ ಸತತವಾಗಿ ಇಲ್ಲದಿದ್ದರೆ ಮಾತ್ರ ಕಡಿತ ಎಂಬ ನಿಯಮ ಇರುವುದು. ಅಕ್ಕಿ ಬೇಳೆ ಗೋದಾಮಿನಲ್ಲಿ ಉಳಿದೀತು. ಹಾಲು, ತರಕಾರಿಗೆ ಹಿಂದಿನ ದಿನವೇ ಹೇಳಬೇಕು. ನಿಮ್ಮ ಹಾಸ್ಟೆಲಿನಲ್ಲಿ ಎಷ್ಟು ದಿನ ಮೊದಲು ಬರೆದುಕೊಡಬೇಕು, ಕನಿಷ್ಠ ಎಷ್ಟು ದಿನದ ಗೈರು ಎನ್ನುವ ಈ ಎರಡು ಅಂಕಿ ಮೊದಲ ದಿನವೇ ತಿಳಿದುಕೊಳ್ಳಿ. ಗೇಟಿನ ರಿಜಿಸ್ಟರಿನಲ್ಲಿ ಬರೆದರೆ ಮೆಸ್ಸಿಗೆ ಹೇಳಿದಂತಲ್ಲ, ಅದು ಬೇರೆ ಇದು ಬೇರೆ. ಮೇಲಿನ ಲೆಕ್ಕದಲ್ಲಿ ಚೀಟಿ ಕೊಡದೆ ಹೋದವನು ಕಟ್ಟುವುದು 2,400. ಒಂದು ಚೀಟಿಗೆ 740 ರೂಪಾಯಿ.

ಕೆಲವು ಹಾಸ್ಟೆಲುಗಳು ಸಂಬಳದ ಭಾಗವನ್ನು ಡಿವೈಡಿಂಗಿಗೆ ಸೇರಿಸದೆ ಎಸ್ಟಾಬ್ಲಿಷ್‌ಮೆಂಟ್ ಎಂದು ತಲೆಗೆ ಇಷ್ಟು ಅಂತ ಹಾಕುತ್ತವೆ. ಆಗ ತಿಂಗಳಿಡೀ ಊರಲ್ಲಿದ್ದರೂ ಅದನ್ನು ಕಟ್ಟಲೇಬೇಕು. ನಮ್ಮ ಅಭಿಪ್ರಾಯದಲ್ಲಿ ಇದೇ ನ್ಯಾಯದ ಪದ್ಧತಿ. ಪರೀಕ್ಷೆಗೆ ಓದಲು ಉಳಿದ ಬಡವರ ಮಕ್ಕಳ ಮೇಲೆ ಊರಿಗೆ ಹೋದವರ ಪಾಲು ಬೀಳುವುದಿಲ್ಲ.

ಮೆಸ್ ಸಮಿತಿಗೆ ಆಯ್ಕೆಯಾದವರು ಮೆನು ಬದಲಿಸುವ ಉತ್ಸಾಹದಲ್ಲಿ ತಕ್ಕಡಿ ಮರೆಯುತ್ತಾರೆ. ನೋಡಬೇಕಾದ ಪುಸ್ತಕ ಮೂರು: ಸ್ಟಾಕ್ ರಿಜಿಸ್ಟರ್, ದಿನದ ವಿತರಣೆಯ ಪುಸ್ತಕ, ಹಾಜರಿ. ತಲೆಗೆ 150 ಗ್ರಾಂ ಅಕ್ಕಿಯಂತೆ 120 ಜನಕ್ಕೆ ಒಂದು ಹೊತ್ತಿಗೆ 18 ಕೆಜಿ. ಪುಸ್ತಕದಲ್ಲಿ ಒಂದು ಪೂರ್ತಿ 25 ಕೆಜಿ ಚೀಲ ಖರ್ಚು ಎಂದಿದ್ದು, ಅವತ್ತಿನ ಹಾಜರಿ 90 ಇದ್ದರೆ ಪ್ರಶ್ನೆ ಕೇಳಲು ಅಷ್ಟು ಸಾಕು. ಆದರೆ ಕೂಡಲೇ ಕಳವು ಎನ್ನಬೇಡಿ. ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಸುಗ್ಗಿಯಾದ ತಕ್ಷಣ ಹೊಸ ಸೋನಾ ಮಸೂರಿ ಅಗ್ಗಕ್ಕೆ ಬರುತ್ತದೆ. ಹೊಸ ಅಕ್ಕಿ ನೀರು ಕಡಿಮೆ ಹಿಡಿಯುತ್ತದೆ, ಮುದ್ದೆಯಾಗುತ್ತದೆ, ಅನ್ನ ಒದಗುವುದಿಲ್ಲ. ಹಳೆಯ ಅಕ್ಕಿ ಅರಳಿ ಹೆಚ್ಚು ಜನಕ್ಕೆ ಸಾಲುತ್ತದೆ. ಕೆಜಿಗೆ ಕೆಲವು ರೂಪಾಯಿ ಉಳಿಸಲು ಹೊಸ ಅಕ್ಕಿ ತಂದ ತಿಂಗಳು ಡಿವೈಡಿಂಗ್ ಇಳಿಯುವ ಬದಲು ಏರಿದ್ದಕ್ಕೆ ಇದೂ ಕಾರಣ ಇದ್ದೀತು. ಖರೀದಿಗೆ ಮೊದಲು ಒಂದು ಕೆಜಿ ತರಿಸಿ, ಅಡುಗೆಯವರ ಕೈಲಿ ಬೇಯಿಸಿ, ಅನ್ನ ತೂಗಿ ನೋಡುವುದು ಒಳ್ಳೆಯದು. ಇನ್ನು ಗ್ಯಾಸು: ಮೆಸ್ಸಿಗೆ 19 ಕೆಜಿಯ ವಾಣಿಜ್ಯ ಸಿಲಿಂಡರೇ ಬೇಕು. ಮನೆಬಳಕೆಯ 14.2 ಕೆಜಿಯ ಸಿಲಿಂಡರು ಒಲೆಯ ಹತ್ತಿರ ಕಂಡರೆ ಅದು ಉಳಿತಾಯವಲ್ಲ, ಕಾನೂನುಬಾಹಿರ.

ಕೋಣೆಯೊಳಗಿನ ನಿಯಮಗಳಲ್ಲಿ ಹೆಚ್ಚು ಮುರಿಯುವುದು ವಿದ್ಯುತ್ತಿನದು. ಬಳ್ಳಾರಿಯ ಬಿಸಿಲಿಗೆ ನೀರು ಕಾಯಿಸುವ ರಾಡ್ ಯಾಕೆ ಎನ್ನಬಹುದು. ಡಿಸೆಂಬರ್ ಬರಲಿ, ಗೊತ್ತಾಗುತ್ತದೆ. 1,500 ವ್ಯಾಟಿನ ರಾಡ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಕೋಣೆಯ ಸಣ್ಣ ಸಾಕೆಟ್ ಇರುವುದು 6 ಆಂಪಿಯರಿಗೆ. ಒಂದೇ ರಾಡಿಗೆ ಸಾಕೆಟ್ ಬಿಸಿಯಾಗಿ ಪ್ಲಾಸ್ಟಿಕ್ ಕರಗಿದ ವಾಸನೆ ಬರಬಹುದು. ಒಂದು ಸಾಲಿನ ನಾಲ್ಕು ಕೋಣೆಯವರು ಒಟ್ಟಿಗೆ ಹಾಕಿದರೆ 26 ಆಂಪಿಯರ್. ಎಂಸಿಬಿ (ಹೊರೆ ಮೀರಿದಾಗ ತಾನೇ ಕರೆಂಟು ಕಡಿಯುವ ಸ್ವಿಚ್) ಬೀಳುತ್ತದೆ, ಕಾರಿಡಾರ್ ಕತ್ತಲಾಗುತ್ತದೆ. ಅಲ್ಲಿಯವರೆಗೂ ಗೋಡೆಯೊಳಗಿನ ತಂತಿಗೆ ಅಪಾಯವಿಲ್ಲ, ಎಂಸಿಬಿ ತನ್ನ ಕೆಲಸ ಮಾಡಿದೆ. ದೊಡ್ಡ ಅಪಾಯ ಶುರುವಾಗುವುದು ‘ಪದೇ ಪದೇ ಬೀಳ್ತದ’ ಎಂದು ಯಾರೋ ಅದನ್ನು ತೆಗೆದು 32 ಆಂಪಿಯರಿನದು ಕೂರಿಸಿದಾಗ. ಗೋಡೆಯೊಳಗಿನ ಒಂದೂವರೆ ಚದರ ಮಿಲಿಮೀಟರಿನ ತಂತಿ ಅಷ್ಟು ತಾಳುವುದಿಲ್ಲ. ಎಂಸಿಬಿ ಸುಮ್ಮನಿರುತ್ತದೆ, ತಂತಿ ಒಳಗೇ ಸುಡುತ್ತದೆ. ಕಾಯಿಲ್ ಒಲೆಗೂ ಇದೇ ಮಾತು.

ಕೂಲರ್ ಹಾಗಲ್ಲ. 200 ವ್ಯಾಟಿನದು ಒಂದು ಆಂಪಿಯರನ್ನೂ ಮುಟ್ಟುವುದಿಲ್ಲ. ದಿನಕ್ಕೆ ಹತ್ತು ಗಂಟೆ ಓಡಿದರೆ ಎರಡು ಯೂನಿಟ್, ತಿಂಗಳಿಗೆ 60. ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್‌ನಲ್ಲಿ ಕೂಲರ್ ಬೇಡ ಎನ್ನುವ ವಾರ್ಡನ್ ಮಕ್ಕಳನ್ನು ಕದ್ದು ಬಳಸಲು ತಳ್ಳುತ್ತಾರೆ. ಯೂನಿಟ್ಟಿನ ಲೆಕ್ಕ ಮುಂದಿಟ್ಟು, ತಿಂಗಳಿಗೆ ಇಷ್ಟು ಕಟ್ಟುತ್ತೇವೆ ಎಂದು ಮಾರ್ಚಿನಲ್ಲೇ ಬರೆದು ಅನುಮತಿ ಕೇಳಿ.

ನೀರಿನ ಖರ್ಚು ಬಿಲ್ಲಿನಲ್ಲಿ ಮರೆಯಾಗಿರುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ 120 ಜನಕ್ಕೆ 16,200 ಲೀಟರ್. ಬೇಸಿಗೆಯಲ್ಲಿ ತುಂಗಭದ್ರಾ ಕಾಲುವೆ ನಿಂತ ಮೇಲೆ ಅಲ್ಲೀಪುರ ಕೆರೆಯಲ್ಲಿ ಕೂಡಿಟ್ಟ ನೀರಿನ ಮೇಲೆ ಊರು ನಡೆಯುತ್ತದೆ, ನಳದ ಸರದಿ ದೂರವಾಗುತ್ತದೆ. ಒಂದು ದಿನದ ನೀರನ್ನು ಪೂರ್ತಿ ಕೊಂಡರೆ 5,000 ಲೀಟರಿನ ಟ್ಯಾಂಕರ್ ಮೂರಕ್ಕಿಂತ ಹೆಚ್ಚು ಬೇಕು. ಆ ದುಡ್ಡು ನಿರ್ವಹಣೆಯ ಶುಲ್ಕದಿಂದ ಹೋಗುತ್ತದೋ, ಮೆಸ್ ಬಿಲ್ಲಿನ ‘ಇತರೆ’ ಎಂಬ ಸಾಲಿನಲ್ಲಿ ಸೇರುತ್ತದೋ ಕೇಳಿ. ನಿರ್ವಹಣೆಗೆಂದು ಮೊದಲೇ ಕಟ್ಟಿಸಿಕೊಂಡಿದ್ದರೆ ಎರಡನೇ ಸಲ ಕೇಳುವುದು ತಪ್ಪು.

ಗೇಟಿನ ಸಮಯ, ಔಟ್‌ಪಾಸ್, ಸ್ಥಳೀಯ ಪಾಲಕರ ಸಹಿ ಇವೆಲ್ಲ ನಿಮಗೆ ಗೊತ್ತಿರುವುದೇ. ಒಂದು ಮಾತು ಮಾತ್ರ: ಲೈಂಗಿಕ ಕಿರುಕುಳ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಮಾಡಿದ 2015ರ ನಿಯಮಾವಳಿ, ಸುರಕ್ಷತೆಯ ನೆಪದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಗಂಡುಮಕ್ಕಳಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು ಎನ್ನುತ್ತದೆ. ಪಾಲಕರಲ್ಲಿ ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ನಿಯಮ ಹಾಗಿದೆ.

ರ‍್ಯಾಗಿಂಗ್ ಎಂದರೆ ಹೊಡೆತ ಬೈಗುಳ ಅಷ್ಟೇ ಅಲ್ಲ. ಹೊಸಬರ ಕೈಲಿ ಒತ್ತಾಯದಿಂದ ಖರ್ಚು ಮಾಡಿಸುವುದು, ಸೀನಿಯರುಗಳ ರೆಕಾರ್ಡ್ ಬರೆಸುವುದು ಕೂಡ 2009ರ ಯುಜಿಸಿ ನಿಯಮಾವಳಿಯಲ್ಲಿ ರ‍್ಯಾಗಿಂಗೇ. ‘ಫ್ರೆಶರ್ಸ್ ಪಾರ್ಟಿಗೆ ತಲೆಗೆ ಸಾವಿರ ಕೊಡಲೇಬೇಕು’ ಎಂಬುದು ಹಾಸ್ಟೆಲ್ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲ. ಸಹಾಯವಾಣಿ 1800-180-5522. ರ‍್ಯಾಗಿಂಗ್ ವಿರುದ್ಧದ ಮುಚ್ಚಳಿಕೆಯನ್ನು ವಿದ್ಯಾರ್ಥಿ, ಪಾಲಕರಿಬ್ಬರೂ ಪ್ರತಿ ವರ್ಷ ಕೊಡಬೇಕು, ಮೊದಲ ವರ್ಷ ಕೊಟ್ಟೆವು ಎಂದು ಬಿಡುವಂತಿಲ್ಲ.

ಕಡೆಯದು ಡಿಪಾಜಿಟ್. ಅದು ಕರಗುವುದು ಕೋಣೆ ಬಿಡುವ ದಿನ ಅಲ್ಲ, ಸೇರುವ ದಿನ. ಮಂಚದ ಹಲಗೆ, ಮೇಜಿನ ಡ್ರಾಯರ್, ಫ್ಯಾನಿನ ರೆಗ್ಯುಲೇಟರ್, ಕಿಟಕಿಯ ಚಿಲಕ, ಗಾಜು ಇವುಗಳ ಪಟ್ಟಿಗೆ ಓದದೆ ಸಹಿ ಹಾಕಿದರೆ ಹಿಂದಿನವರು ಮುರಿದದ್ದು ನಿಮ್ಮ ಲೆಕ್ಕಕ್ಕೆ. ಸಾಮಾನು ಒಳಗಿಡುವ ಮೊದಲೇ ಫೋಟೋ ತೆಗೆದು ವಾರ್ಡನ್ನರಿಗೆ ಕಳಿಸಿ. ತಾರೀಖು ತಾನೇ ದಾಖಲಾಗುತ್ತದೆ. ವರ್ಷದ ನಡುವೆ ಕೋಣೆ ಬದಲಿಸಿದರೆ ಹಳೆಯ ಕೋಣೆಯ ಪಟ್ಟಿಯನ್ನು ಹೊಡೆದುಹಾಕಿಸಿ. ಇಲ್ಲದಿದ್ದರೆ ಎರಡೂ ಕೋಣೆಗೆ ನೀವೇ ಜವಾಬ್ದಾರರು. ಬಿಡುವಾಗ ಕೊನೆಯ ತಿಂಗಳ ಮೆಸ್ ಬಿಲ್ಲು ಇನ್ನೂ ಆಗಿರುವುದಿಲ್ಲ, ಆದ್ದರಿಂದ ‘ನೋ ಡ್ಯೂ’ (ಬಾಕಿ ಇಲ್ಲವೆಂಬ ಪತ್ರ) ಅವತ್ತೇ ಸಿಗುವುದಿಲ್ಲ. ಕೀಲಿ ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸನ್ನು ಮೂಲ ರಸೀದಿಯ ಜೆರಾಕ್ಸಿನ ಜೊತೆ ಅರ್ಜಿಗೆ ಲಗತ್ತಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೂಲ ರಸೀದಿಯನ್ನು ಮಾತ್ರ ಹಣ ಖಾತೆಗೆ ಬೀಳುವವರೆಗೂ ಕೈಬಿಡಬೇಡಿ.