ಬಾಗಿಲ ಬೆಳಕು ಮತ್ತು ಕಣ್ಣೊಳಗಿನ ಉಂಗುರ

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಉತ್ತರ ಕನ್ನಡದ ಬಂದರುಗಳಾದ ಬೈತಖೋಲದಲ್ಲಿಯೂ ತದಡಿಯಲ್ಲಿಯೂ ಅದು ಬಲೆ ದುರಸ್ತಿಯ ಕಾಲ. ಇಪ್ಪತ್ತೈದರ ಹುಡುಗ ಶೆಡ್ಡಿನ ಯಾವ ಮೂಲೆಯಲ್ಲಿ ಕುಳಿತರೂ ಬಲೆಯ ಹರಿದ ಕಣ್ಣುಗಳನ್ನು ಹೆಣೆದು ಮುಗಿಸುತ್ತಾನೆ. ಐವತ್ತು ದಾಟಿದ ಅವನ ದೊಡ್ಡಪ್ಪ ಮಾತ್ರ ಬಲೆಯನ್ನು ಎಳೆದುಕೊಂಡು ಬಾಗಿಲಿಗೆ ಬರುತ್ತಾರೆ. ಮೈಮೇಲೆ ಇರಚಲು ಬಿದ್ದರೂ ಅಲ್ಲಿಂದ ಏಳುವುದಿಲ್ಲ. ನೇತ್ರಾಧಿಕಾರಿಯಾಗಿ ಈ ಕರಾವಳಿಯಲ್ಲಿ ವರ್ಷಗಟ್ಟಲೆ ಕಣ್ಣು ಪರೀಕ್ಷಿಸಿದವನು ನಾನು. ಈ ದೃಶ್ಯ ಕಂಡಾಗಲೆಲ್ಲ ನನಗೆ ತಿಳಿಯುತ್ತಿತ್ತು, ಇವರಿಗೆ ಚಾಳೀಸು ಬಂದಿದೆ.

ಚಾಳೀಸ್ ಎಂದರೆ ನಲವತ್ತು. ಪಾಪೆಯ ಹಿಂದಿರುವ ಮಸೂರ ಎಳೆತನದಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಅದು ಬಿಗಿಯಾಗುತ್ತ ಬಂದು, ನಲವತ್ತರ ಆಸುಪಾಸಿನಲ್ಲಿ ಆ ಬಿಗಿತ ನಮ್ಮ ಅನುಭವಕ್ಕೆ ಬರುತ್ತದೆ. ಇದು ರೋಗವಲ್ಲ. ಬದುಕಿದ್ದವರಿಗೆಲ್ಲ ಬರುವಂಥದ್ದು.

ಹಾಗಾದರೆ ಬಾಗಿಲಿನ ಬೆಳಕು ಮಾಡುವುದೇನು? ಬೆಳಕು ಹೆಚ್ಚಿದಾಗ ಪಾಪೆ ಕಿರಿದಾಗುತ್ತದೆ. ಅಂಚಿನಿಂದ ನುಗ್ಗಿ ಚಿತ್ರವನ್ನು ಕದಡುವ ಓರೆ ಕಿರಣಗಳು ಹೊರಗೇ ಉಳಿದು, ನಡುವಿನವು ಮಾತ್ರ ಒಳಗೆ ಬರುತ್ತವೆ. ಇದನ್ನು ನೀವೇ ಪರೀಕ್ಷಿಸಬಹುದು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಸೂಜಿಯಿಂದ ಒಂದು ತೂತು ಮಾಡಿ, ಕನ್ನಡಕ ತೆಗೆದಿಟ್ಟು, ಆ ತೂತಿನಿಂದ ಪಂಚಾಂಗದ ಸಣ್ಣ ಅಕ್ಷರಗಳನ್ನು ನೋಡಿ. ಅಕ್ಷರ ಸ್ಫುಟವಾಗುತ್ತದೆ. ಜೊತೆಗೆ ಪುಟ ಸ್ವಲ್ಪ ಕಪ್ಪಾಗಿಯೂ ಕಾಣುತ್ತದೆ. ಆ ಕಪ್ಪನ್ನು ನೆನಪಿನಲ್ಲಿಟ್ಟುಕೊಳ್ಳಿ.

ಇದೇ ಸೂಜಿತೂತನ್ನು ಕಣ್ಣಿನೊಳಗೆ ಇಡುವ ವಿದ್ಯೆ ಬಂದಿದೆ. ಕಾಮ್ರಾ ಎಂಬ ಕಪ್ಪು ಉಂಗುರಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಅಗಲ 3.8 ಮಿಲಿಮೀಟರ್, ನಡುವಿನ ತೂತು 1.6 ಮಿಲಿಮೀಟರ್. ಲೇಸರಿನಿಂದ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಲ್ಲಿ, ಚಿಕ್ಕ ಜೇಬಿನಂತೆ ಸೀಳಿ ಅದರೊಳಗೆ ಉಂಗುರವನ್ನು ಕೂರಿಸುತ್ತಿದ್ದರು. ಅದೂ ಒಂದೇ ಕಣ್ಣಿಗೆ, ನಾವು ಗುರಿ ಹಿಡಿಯಲು ಬಳಸದ ಕಣ್ಣಿಗೆ. ಉಂಗುರದ ಮೈಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸೂಕ್ಷ್ಮ ರಂಧ್ರಗಳಿವೆ. ಅವು ನೋಡುವುದಕ್ಕಲ್ಲ. ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಹೊರಗಿನ ಗಾಳಿಯಿಂದ, ಕಣ್ಣೀರಿನಿಂದ, ಒಳಗಿನ ದ್ರವದಿಂದ ಅದು ಜೀವ ಹಿಡಿದಿರುತ್ತದೆ. ನಡುವೆ ಅಡ್ಡ ಗೋಡೆ ಬಂದರೆ ಆ ಪದರಕ್ಕೆ ಪೋಷಣೆ ತಪ್ಪುತ್ತದೆ, ಅದಕ್ಕಾಗಿ ಆ ರಂಧ್ರಗಳು. ಇದನ್ನು ಯೋಚಿಸಿ ಮಾಡಿದವರ ಜಾಣ್ಮೆಗೆ ನಾನು ಮನಸಾರೆ ತಲೆಬಾಗುತ್ತೇನೆ.

ಆದರೆ ಈ ದಾರಿ ಸಲೀಸಾಗಿರಲಿಲ್ಲ. ಮರುವರ್ಷ, 2016ರಲ್ಲಿ, ರೇನ್‌ಡ್ರಾಪ್ ಎಂಬ ಇನ್ನೊಂದು ಅಳವಡಿಕೆಗೆ ಒಪ್ಪಿಗೆ ಸಿಕ್ಕಿತು. ಅದು ನೀರು ಹೀರಿದ ಮೃದು ಜೆಲ್ಲಿನ 2 ಮಿಲಿಮೀಟರ್ ಬಿಲ್ಲೆ. ಅದಕ್ಕೆ ತೂತಿಲ್ಲ, ಕಾರ್ನಿಯಾದ ನಡುಭಾಗವನ್ನು ತುಸು ಉಬ್ಬಿಸಿ ಹತ್ತಿರದ ನೋಟ ಕೊಡುವುದು ಅದರ ಕ್ರಮ. ಹಾಕಿಸಿಕೊಂಡ ಹಲವರ ಕಾರ್ನಿಯಾ ಮಂಜು ಕವಿದಂತಾಯಿತು. 2018ರಲ್ಲಿ ಕಂಪನಿ ಮುಚ್ಚಿಹೋಯಿತು; ಅದೇ ವರ್ಷ, ಇನ್ನು ಅದನ್ನು ಯಾರಿಗೂ ಅಳವಡಿಸಬೇಡಿರೆಂದು ಅಮೆರಿಕದ ಅದೇ ಆಡಳಿತ ವೈದ್ಯರಿಗೆ ತಿಳಿಸಿತು. ಚೆನ್ನೈಯ ಡಾ. ಸೂಸನ್ ಜೇಕಬ್ ಬೇರೆ ಹಾದಿ ಹಿಡಿದರು. ಸಮೀಪದೃಷ್ಟಿಯವರಿಗೆ ಲೇಸರ್ ಶಸ್ತ್ರಚಿಕಿತ್ಸೆ ಮಾಡುವಾಗ ಹೊರತೆಗೆಯುವ ಕಾರ್ನಿಯಾದ ತೆಳು ಪದರದಿಂದಲೇ 1 ಮಿಲಿಮೀಟರಿನ ಬಿಲ್ಲೆ ಕತ್ತರಿಸಿ, ಚಾಳೀಸಿನವರ ಕಣ್ಣಿಗೆ ಇಟ್ಟರು. ಪ್ಲಾಸ್ಟಿಕ್ ಅಲ್ಲ, ಮನುಷ್ಯನ ಅಂಗಾಂಶವೇ. ಆ ಮೊದಲ ಫಲಿತಾಂಶಗಳು 2017ರಲ್ಲಿ ಪ್ರಕಟವಾದವು. ನನಗೆ ಹೆಚ್ಚು ಭರವಸೆ ಇರುವುದು ಈ ದಿಕ್ಕಿನಲ್ಲಿ.

ಬೈತಖೋಲದ ಒಬ್ಬರು, ಬಲೆಯ ಕೆಲಸದಲ್ಲಿಯೇ ಕೂದಲು ಹಣ್ಣಾದವರು, ಒಂದು ದಿನ ಬಂದು ಕೇಳಿದರು: “ಸರ್, ಗೋವಾದಲ್ಲಿರುವ ಮಗಳು ಮೊಬೈಲಿನಲ್ಲಿ ಉಂಗುರ ತೋರಿಸಿದಳು. ಅದನ್ನು ಹಾಕಿಸಿಕೊಂಡರೆ ಕನ್ನಡಕ ಬೇಡವಂತೆ, ಹೌದೇ?” ಜಾತ್ರೆಯಲ್ಲಿ ಕೊಂಡ ಕನ್ನಡಕ ಅವರ ಜೇಬಿನಲ್ಲಿತ್ತು. ಹಾಕಿಕೊಂಡರೆ ತಲೆನೋವು, ಬಲೆಯೂ ಮಸುಕು ಎಂದರು.

ನಾನು ಬೇಡವೆಂದೆ. ಕಾರಣ ಆ ಕಪ್ಪು. ಉಂಗುರವು ಒಂದು ಕಣ್ಣಿನ ಬೆಳಕನ್ನು ಕಡಿಮೆ ಮಾಡಿಯೇ ಸ್ಪಷ್ಟತೆ ಕೊಡುತ್ತದೆ. ಹೊರಗೆ ಬಿಸಿಲಿದ್ದಾಗ ಅದು ಗೊತ್ತಾಗದೆ ಹೋಗಬಹುದು. ಆಷಾಢದ ಮಧ್ಯಾಹ್ನ, ಮೋಡ ಮುಚ್ಚಿದ ಶೆಡ್ಡಿನಲ್ಲಿ, ಇದ್ದ ಬೆಳಕೂ ಕಣ್ಣಿಗೆ ದಕ್ಕಬೇಡವೇ? ಕತ್ತಲಲ್ಲಿ ದೋಣಿಗೆ ಹೋಗುವವರಿಗೆ ರಾತ್ರಿ ದೀಪಗಳ ಸುತ್ತ ಕಾಣುವ ಪ್ರಭೆಯೂ ತೊಡಕು. ಉಂಗುರವನ್ನು ಹೊರತೆಗೆಯಲು ಬರುತ್ತದೆ, ನಿಜ. ಆದರೂ ಆರೋಗ್ಯವಾಗಿರುವ ಕಾರ್ನಿಯಾವನ್ನು ಸೀಳುವ ಮೊದಲು ನಾನು ಹತ್ತು ಸಲ ಯೋಚಿಸುತ್ತೇನೆ.

ಅವರ ತೊಂದರೆ ಇದ್ದದ್ದು ಬೇರೆ ಕಡೆ. ಓದುವ ದೂರಕ್ಕೆ ಮಾಡಿದ ಕನ್ನಡಕವದು; ಬಲೆ ಇರುವುದು ತೊಡೆಯ ಮೇಲೆ, ಇನ್ನಷ್ಟು ದೂರ. ಅಲ್ಲಿಗೆ ಕಡಿಮೆ ಪವರ್ ಸಾಕು. ಮರುದಿನ ಒಂದು ಮೊಳ ಬಲೆ ತರಿಸಿ, ಅವರು ಕೂರುವಂತೆಯೇ ಕೂರಿಸಿ, ಗಂಟು ಸ್ಪಷ್ಟವಾಗಿ ಕಾಣುವ ಗಾಜನ್ನು ಆರಿಸಿದೆವು. ಬೆವರಿಗೆ ಜಾರದಂತೆ ಕುತ್ತಿಗೆಗೆ ದಾರ. ಆ ಮಳೆಗಾಲ ಅವರು ಬಾಗಿಲು ಬಿಟ್ಟು ಒಳಗೆ, ಬಲ್ಬಿನ ಕೆಳಗೆ ಕುಳಿತಿದ್ದನ್ನು ಕಂಡೆ.

ಅಸ್ಸಾಮಿನಲ್ಲಿ ಚಹಾ ಎಲೆ ಕೀಳುವ ನಲವತ್ತು ದಾಟಿದವರಿಗೆ ಇಂಥ ಸರಳ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗಿಂತ ಅವರ ದುಡಿಮೆ ಸುಮಾರು ಶೇಕಡಾ 22ರಷ್ಟು ಹೆಚ್ಚಿತ್ತು. ಅದನ್ನು ಓದಿದಾಗ ನನಗೆ ನೆನಪಾದವರು ಭಟ್ಕಳದಲ್ಲಿ ಮಲ್ಲಿಗೆ ಕಟ್ಟುವ ತಾಯಂದಿರು, ಶಿರಸಿಯಲ್ಲಿ ಅಡಿಕೆ ಸುಲಿಯುವ ಅಕ್ಕಂದಿರು. ಗಂಡನ ಕನ್ನಡಕವನ್ನು ಎರವಲು ಹಾಕಿಕೊಂಡು ದಿನ ನೂಕುವವರು ಅವರಲ್ಲಿ ಎಷ್ಟೋ ಮಂದಿ.

ಅಕ್ಕಾ, ತಂಗೀ, ಕಣ್ಣು ಪರೀಕ್ಷೆಗೆ ಹೋಗುವಾಗ ನಿಮ್ಮ ಕೆಲಸವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಒಂದು ಹಿಡಿ ಮೊಗ್ಗು, ಒಂದು ತುಂಡು ಬಲೆ, ಸೂಜಿ ದಾರ, ಏನಾದರೂ ಸರಿ. ಎಷ್ಟು ದೂರದಲ್ಲಿ ಹಿಡಿದು ಕೆಲಸ ಮಾಡುತ್ತೀರಿ ಎಂದು ತೋರಿಸಿ. ಕಣ್ಣಿನೊಳಗಿನ ದ್ರವದ ಒತ್ತಡವನ್ನೂ ನೋಡಿರೆಂದು ಕೇಳಿ; ಅದು ಹೆಚ್ಚಾದರೆ ಕಣ್ಣಿಗೆ ಅಪಾಯ.

ನಮಸ್ಕಾರ.