ಟೇಬಲ್ ಇದ್ಯಾ, ಇಲ್ವಾ? | ಮಲೆನಾಡ ಮಳೆಯಲ್ಲಿ ಅಡಿಕೆ ಲೆಕ್ಕದ ಕೋಡಿಂಗ್

ಮಳೆ ಸದ್ದು ಜಾಸ್ತಿ ಕೇಳಿಸಿದರೆ ಬೇಜಾರು ಮಾಡ್ಕೋಬೇಡಿ. ತೀರ್ಥಹಳ್ಳಿ ಕಡೆ ಆಷಾಢದಲ್ಲಿ ಎಂಥ ಮೈಕ್ ತಂದರೂ ಅಷ್ಟೇ. ಸ್ಕ್ರೀನಿನಲ್ಲಿ ಕಾಣುತ್ತಿರುವುದು ಚಿಕ್ಕಪ್ಪನ ಅಡಿಕೆ ಲೆಕ್ಕ. ಕೋಡ್ ಪೈಥಾನ್‌ನಲ್ಲಿ, ಲೆಕ್ಕ ಇಡುವುದು ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸಿನಲ್ಲಿ; ಅದರೊಳಗೆ ಲೆಕ್ಕ ಬರೆಯುವ ಪಟ್ಟಿಯೇ ಟೇಬಲ್. ಇನ್‌ಸ್ಟಾಲ್ ಮಾಡಿದ ಭಾಗವನ್ನು ವಿಡಿಯೋದಲ್ಲಿ ಬೇಗ ಓಡಿಸಿಬಿಟ್ಟಿದ್ದೇನೆ.

ಪ್ರೋಗ್ರಾಂ ಶುರುವಾದಾಗಲೆಲ್ಲ 'ಟೇಬಲ್ ಮಾಡು' ಅಂದರೆ ಎರಡನೇ ಸಲಕ್ಕೆ 'ಆಗಲೇ ಇದೆ' ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಅದಕ್ಕೇ ಈ ಸಾಲಿನಲ್ಲಿ 'ಇಫ್ ನಾಟ್ ಎಕ್ಸಿಸ್ಟ್ಸ್', ಅಂದರೆ 'ಇಲ್ಲದಿದ್ದರೆ ಮಾತ್ರ ಮಾಡು'. ಕೆಲವರು ಮೊದಲು ಟೇಬಲ್‌ಗಳ ಹೆಸರೆಲ್ಲ ಇರುವ 'ಎಸ್‌ಕ್ಯೂಲೈಟ್ ಮಾಸ್ಟರ್'ನಲ್ಲಿ ಹೆಸರು ಹುಡುಕಿ, ಸಿಗದಿದ್ದರೆ ಮಾತ್ರ ಮಾಡುತ್ತಾರೆ. ಸುಮ್ನೆ ಡಬಲ್ ಕೆಲಸ. ನಾವು ಹುಡುಕಿ ಮುಗಿಸುವಷ್ಟರಲ್ಲಿ ಇನ್ನೊಂದು ಪ್ರೋಗ್ರಾಂ ಅದೇ ಟೇಬಲ್ ಮಾಡಿಬಿಟ್ಟರೆ? ಒಂದೇ ಸಾಲು ಸಾಕು.

ಸಾಕು ಅಂದೆ ಅಲ್ವಾ, ಈಗ ನೋಡಿ. ಮಳೆಗಾಲದಲ್ಲಿ ಮಂಡಿಯವರು ತೇವ ಅಂತ ರೇಟು ಇಳಿಸುತ್ತಾರೆ. 'ಅದನ್ನೂ ಬರೆಯೋ ಹಾಗೆ ಒಂದು ಕಾಲಂ ಹಾಕು ಮಾರಾಯ' ಅಂದರು ಚಿಕ್ಕಪ್ಪ. ಟೇಬಲ್ ಮಾಡುವ ಅದೇ ಸಾಲಿನಲ್ಲಿ 'ತೇವ' ಅಂತ ಕಾಲಂ ಸೇರಿಸಿ ಓಡಿಸಿದೆ. ಎರರ್ ಇಲ್ಲ, ಏನೂ ಇಲ್ಲ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳ ಲೆಕ್ಕ ತುಂಬಿಸಲು ಹೋದರೆ 'ತೇವ ಅನ್ನೋ ಕಾಲಂ ಇಲ್ಲ'! ಕೋಡಿನಲ್ಲಿ ಕಣ್ಣೆದುರಿಗೇ ಇದೆ. ವಿಷಯ ಏನಂದರೆ, ಈ ಇಫ್ ನಾಟ್ ಎಕ್ಸಿಸ್ಟ್ಸ್ ನೋಡುವುದು ಹೆಸರು ಮಾತ್ರ. ಚೀಲದ ಮೇಲೆ 'ರಾಶಿ' ಅಂತ ಇದ್ದರೆ ಸಾಕು, ಬಿಚ್ಚಿ ನೋಡುವುದೇ ಇಲ್ಲ. ಹಳೇ ಟೇಬಲ್ ಹಾಗೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಆದರೂ 'ಇದು ಇದೆ, ಬಿಟ್ಟಿದ್ದೇನೆ' ಅಂತ ಒಂದು ನೋಟಿಸ್ ಕೊಡುತ್ತದೆ. ಎಸ್‌ಕ್ಯೂಲೈಟ್ ಬಾಯಿಯೇ ಬಿಡುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಬೈಯಲಿ, ಪರವಾಗಿಲ್ಲ. ಸುಮ್ಮನಿರಬಾರದು.

'ಟೇಬಲ್ ಡ್ರಾಪ್ ಮಾಡಿ', ಅಂದರೆ ಅಳಿಸಿಹಾಕಿ, ಅಂತ ಕಾಮೆಂಟ್ ಹಾಕಬೇಡಿ. ಹೋದ ವರ್ಷದ ಚೇಣಿ (ತೋಟದ ಫಸಲಿನ ಗುತ್ತಿಗೆ) ಲೆಕ್ಕ ಅದರಲ್ಲೇ ಇದೆ. ಚಿಕ್ಕಪ್ಪ ನನ್ನನ್ನೇ ಡ್ರಾಪ್ ಮಾಡುತ್ತಾರೆ.

ಓ, ಪತ್ರೊಡೆ ಬಂತು. ಕೆಸುವಿನ ಎಲೆ ನಮ್ಮ ತೋಟದ್ದೇ. ಉಡುಪಿಯವರು ಅವರದ್ದೇ ಚೆನ್ನ ಅಂತಾರೆ, ಅನ್ನಲಿ... ಅಯ್ಯೋ, ಶಾಟ್ ಮುಗಿಯುತ್ತಾ ಬಂತು.

ಬೇಗ ಹೇಳುತ್ತೇನೆ. ಇರುವ ಟೇಬಲ್‌ಗೇ ಕಾಲಂ ಸೇರಿಸಲು 'ಆಲ್ಟರ್ ಟೇಬಲ್, ಆ್ಯಡ್ ಕಾಲಂ'. ಎಸ್‌ಕ್ಯೂಲೈಟ್‌ನಲ್ಲಿ ಇದಕ್ಕೆ ಇಫ್ ನಾಟ್ ಎಕ್ಸಿಸ್ಟ್ಸ್ ಇಲ್ಲ. ಯಾವ ಯಾವ ಕಾಲಂ ಇದೆ ಅಂತ 'ಪ್ರಾಗ್ಮಾ ಟೇಬಲ್ ಇನ್ಫೋ' ಕೇಳಿ, ತೇವ ಇಲ್ಲದಿದ್ದರೆ ಮಾತ್ರ ಸೇರಿಸಬೇಕು. ಹೌದು, ಈಗಷ್ಟೇ ಡಬಲ್ ಕೆಲಸ ಅಂತ ಬೈದೆನಲ್ಲ, ಅದೇ. ಕಾಲಂ ವಿಷಯಕ್ಕೆ ಅದೇ ಸರಿ. ಹಾಂ, ರಾಶಿ ಲೆಕ್ಕ ಒಳಗೆ ಹೋಯ್ತು, ತೇವವೂ ಕೂತಿತು. ಕರೆಂಟು ಮಿಣಮಿಣ ಅಂತಿದೆ, ಬೆಟ್ಟೆ ಲೆಕ್ಕ ಮುಂದಿನ ವಿಡಿಯೋದಲ್ಲಿ.